‘ಸಂಶೋಧನೆಗೆ ಮಾತ್ರ’ ಎಂದು ಬರೆದ ಸೀಸೆಯ ಮದ್ದನ್ನು ಚುಚ್ಚಿಕೊಳ್ಳಬಹುದೇ?

ಓದುಗರ ಪ್ರಶ್ನೆ: ನಾಲ್ಕು ತಿಂಗಳಿಂದ ನನ್ನ ಬಲಗಾಲಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯುತ್ತಿದ್ದು, ಓಟ ನಿಂತೇ ಹೋಗಿದೆ. ಅಮೆರಿಕದಲ್ಲಿರುವ ತಮ್ಮ ಬಿಪಿಸಿ-157 ಎಂಬ ಪೆಪ್ಟೈಡ್ ಚುಚ್ಚಿಕೊಂಡು ಭುಜದ ನೋವನ್ನು ಮೂರೇ ವಾರದಲ್ಲಿ ಕಳೆದುಕೊಂಡನಂತೆ. ಊರಿಗೆ ಬರುವಾಗ ನನಗೂ ಎರಡು ಸೀಸೆ ತರುತ್ತೇನೆ ಎನ್ನುತ್ತಾನೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ ಎಂಬುದೇ ನನ್ನ ಉತ್ತರ. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಆ ಅಣು ಕೆಲಸ ಮಾಡುತ್ತದೆಯೇ ಎಂಬುದು ಒಂದು. ತಮ್ಮ ತರುವ ಸೀಸೆಯಲ್ಲಿ ನಿಜಕ್ಕೂ ಏನಿದೆ ಎಂಬುದು ಇನ್ನೊಂದು. ಜಿಮ್‌ಗಳಲ್ಲಿ ಚರ್ಚೆ ನಡೆಯುವುದೆಲ್ಲ ಮೊದಲನೆಯದರ ಬಗ್ಗೆ. ನನ್ನನ್ನು ಹೆಚ್ಚು ಕಾಡುವುದು ಎರಡನೆಯದು.

ಬಿಪಿಸಿ-157 ಎಂಬುದು 15 ಅಮೈನೋ ಆಮ್ಲಗಳ ಕಿರುಸರಪಳಿ. ಮನುಷ್ಯನ ಜಠರರಸದ ಪ್ರೋಟೀನೊಂದರ ತುಣುಕು ಇದೆಂದು 1990ರ ದಶಕದ ಆರಂಭದಿಂದ ಇದರ ಬೆನ್ನು ಹತ್ತಿದವರು ಕ್ರೊಯೇಷಿಯಾದ ಜಾಗ್ರೆಬ್‌ನ ಸಂಶೋಧಕರು. ಪ್ರಕಟವಾದ ಪ್ರಯೋಗಗಳಲ್ಲಿ ಬಹುಪಾಲು ಇಂದಿಗೂ ಅದೇ ತಂಡದವು. ಇಲಿಗಳ ಹಿಮ್ಮಡಿಯ ಸ್ನಾಯುರಜ್ಜನ್ನು ಕತ್ತರಿಸಿ ಈ ಮದ್ದು ಕೊಟ್ಟಾಗ ಗಾಯ ಬೇಗ ಕೂಡಿಕೊಂಡಿತೆಂಬ ವರದಿಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಬೇಕಿಲ್ಲ. ಆದರೆ ಆ ಇಲಿಯದು ಆರೋಗ್ಯವಂತ ರಜ್ಜಿಗೆ ಬ್ಲೇಡಿನಿಂದ ಮಾಡಿದ ಹೊಸ ಗಾಯ. ನಾಲ್ಕು ತಿಂಗಳು ಎಳೆದ ನಿಮ್ಮ ನೋವು ಬಹುಶಃ ಆ ಬಗೆಯದಲ್ಲ. ತಾಳಲಾರದ ಭಾರವನ್ನು ದಿನದಿನವೂ ಹೊತ್ತು ಕೊಲಾಜೆನ್ ಎಳೆಗಳ ಜೋಡಣೆಯೇ ಕೆಟ್ಟಾಗ ಇಂಥ ನೋವು ಬರುತ್ತದೆ. ಹರಿದ ಬಟ್ಟೆಯನ್ನು ಹೊಲಿಯುವುದಕ್ಕೂ ಜಾಳಾದ ಬಟ್ಟೆಯನ್ನು ಗಟ್ಟಿ ಮಾಡುವುದಕ್ಕೂ ಇರುವಷ್ಟೇ ಅಂತರ ಇಲ್ಲಿದೆ.

ಇನ್ನು ಮನುಷ್ಯರ ಮೇಲಿನ ಸಾಕ್ಷ್ಯ ಬಲು ತೆಳುವು. 2015ರಲ್ಲಿ ನೋಂದಣಿಯಾದ ಮೊದಲ ಹಂತದ ಪರೀಕ್ಷೆಯೊಂದರ ಫಲಿತಾಂಶ ಪ್ರಕಟವಾಗಲೇ ಇಲ್ಲ. ಮಂಡಿನೋವಿನ ಕೆಲವೇ ರೋಗಿಗಳನ್ನು ಕುರಿತ ವರದಿಯೊಂದಿದೆ, ಆದರೆ ಅದರಲ್ಲಿ ಮದ್ದು ಪಡೆಯದವರ ಗುಂಪಿಲ್ಲದ್ದರಿಂದ ಗುಣವಾದದ್ದು ಮದ್ದಿನಿಂದಲೋ ಕಾಲದಿಂದಲೋ ಎಂದು ಬಿಡಿಸಿ ಹೇಳುವಂತಿಲ್ಲ. ನಿಮ್ಮ ತಮ್ಮನ ಭುಜದ ಕಥೆಗೂ ಇದೇ ತೊಡಕು. ನೋವು ತುತ್ತತುದಿಗೇರಿದಾಗಲೇ ಜನ ಸೂಜಿ ಹಿಡಿಯುವುದು, ತುದಿಗೇರಿದ ನೋವು ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುತ್ತದೆ. ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ ಎಂಬುದು ಈ ಅಣುವಿನ ಹೆಗ್ಗಳಿಕೆ. ಗೆಡ್ಡೆಗಳೂ ಬೆಳೆಯಲು ರಕ್ತನಾಳಗಳನ್ನೇ ಬಯಸುತ್ತವೆ. ಇದರಿಂದ ಕ್ಯಾನ್ಸರ್ ಬರುತ್ತದೆಂದು ಯಾರೂ ತೋರಿಸಿಲ್ಲ, ಬರುವುದಿಲ್ಲವೆಂದು ಹೇಳಬಲ್ಲಷ್ಟು ದೀರ್ಘಕಾಲ ಯಾರನ್ನೂ ಗಮನಿಸಿಯೂ ಇಲ್ಲ.

ಈಗ ಸೀಸೆಗೆ ಬರೋಣ. ಅದರ ಮೇಲೆ ‘ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ’ ಎಂದಿರುತ್ತದೆ. ಅದೇ ಮಾರಾಟಗಾರ ಪಕ್ಕದಲ್ಲೇ ಪುಡಿಯನ್ನು ಕರಗಿಸುವ ನೀರನ್ನೂ ಮಾರುತ್ತಿರುವಾಗ ಆ ಸಾಲನ್ನು ಯಾರಿಗಾಗಿ ಬರೆಯಲಾಗಿದೆ ಎಂದು ಊಹಿಸುವುದು ಕಷ್ಟವಲ್ಲ. ಔಷಧ ತಯಾರಿಕೆಯ ನಿಯಮಗಳಿಂದ ನುಣುಚಿಕೊಳ್ಳಲು ಕಟ್ಟಿಕೊಂಡ ಬೇಲಿ ಅದು, ಕೊಳ್ಳುವವರಿಗೆ ಅದರಿಂದ ರಕ್ಷಣೆಯಿಲ್ಲ. ‘ಶೇ 99 ಶುದ್ಧ’ ಎಂಬ ಪ್ರಯೋಗಾಲಯದ ಪ್ರಮಾಣಪತ್ರವನ್ನು ತೋರಿಸುತ್ತಾರೆ. ಅದು ಸಾಚಾ ಎಂದೇ ಇಟ್ಟುಕೊಂಡರೂ, ಪರೀಕ್ಷೆಗೆ ಹೋದ ಮಾದರಿಯಲ್ಲಿನ ಪೆಪ್ಟೈಡುಗಳ ಪೈಕಿ ಬೇಕಾದದ್ದು ಎಷ್ಟು ಪಾಲು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಸೀಸೆಯಲ್ಲಿ ಒಟ್ಟು ಎಷ್ಟು ಮಿಲಿಗ್ರಾಂ ಇದೆ, ಪುಡಿ ಕ್ರಿಮಿರಹಿತವೇ, ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿದು ಜ್ವರ ಬರಿಸುವ ಎಂಡೋಟಾಕ್ಸಿನ್ ಇದೆಯೇ, ಆ ಮಾದರಿ ನಿಮ್ಮ ಕೈಯಲ್ಲಿರುವ ಬ್ಯಾಚಿನದೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಹೊಟ್ಟೆಗೆ ಹೋದ ಕೊಳೆಯನ್ನು ಜಠರದ ಆಮ್ಲವಾದರೂ ಎದುರಿಸೀತು. ಸೂಜಿಯ ಮೂಲಕ ಹೋದದ್ದಕ್ಕೆ ಅಂಥ ತಡೆಗೋಡೆಯಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಪುಡಿ ಕರಗಿಸುವಾಗ ಮಿಲಿಗ್ರಾಂ, ಮೈಕ್ರೋಗ್ರಾಂಗಳ ಲೆಕ್ಕ ತಪ್ಪಿದರಂತೂ ಕೇಳುವವರೇ ಇಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ, ವೈದ್ಯರ ಚೀಟಿಯ ಮೇಲೆ ಮದ್ದು ಬೆರೆಸಿ ಕೊಡುವ ಔಷಧಾಲಯಗಳ ಮಟ್ಟಿಗೆ, ಬಿಪಿಸಿ-157 ಅನ್ನು ಗಂಭೀರ ಸುರಕ್ಷತಾ ಆತಂಕವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಅನಪೇಕ್ಷಿತ ರೋಗನಿರೋಧಕ ಪ್ರತಿಕ್ರಿಯೆ ಮತ್ತು ಕಲ್ಮಶಗಳ ಸಾಧ್ಯತೆಯನ್ನು ಕಾರಣವಾಗಿ ಕೊಟ್ಟಿತು. ಭಾರತದಲ್ಲಿ ಇದು ಅನುಮೋದಿತ ಔಷಧವಲ್ಲ.

ನೀವು ಸ್ಪರ್ಧೆಗಳಲ್ಲಿ ಓಡುವವರಾದರೆ ಇನ್ನೊಂದು ಮಾತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ 2022ರಿಂದ ಬಿಪಿಸಿ-157ರ ಹೆಸರೇ ಇದೆ. ಇದರ ಜೋಡಿಯಾಗಿ ಮಾರುವ ಟಿಬಿ-500, ಅಂದರೆ ಥೈಮೋಸಿನ್ ಬೀಟಾ-4ರ ತುಣುಕು, ಅದೂ ನಿಷಿದ್ಧ. ಆಸ್ಟ್ರೇಲಿಯಾದ ಎಸೆಂಡನ್ ಫುಟ್ಬಾಲ್ ಕ್ಲಬ್ಬಿನಲ್ಲಿ 2012ರಲ್ಲಿ ನಡೆದ ಚುಚ್ಚುಮದ್ದಿನ ಕಾರ್ಯಕ್ರಮ ಇದೇ ಥೈಮೋಸಿನ್ ಬೀಟಾ-4ರ ಪ್ರಕರಣ. 2016ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ 34 ಆಟಗಾರರನ್ನು ತಪ್ಪಿತಸ್ಥರೆಂದು ಅಮಾನತು ಮಾಡಿತು, ನಾಯಕ ಜೋಬ್ ವಾಟ್ಸನ್ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನೇ ಕಳೆದುಕೊಂಡರು. ಕ್ಲಬ್ಬಿನವರು ಕೊಟ್ಟದ್ದನ್ನು ನಂಬಿ ತೋಳು ಚಾಚಿದೆವು ಎಂಬ ವಾದ ಅವರನ್ನು ಉಳಿಸಲಿಲ್ಲ.

ಹಾಗಾದರೆ ಮಾಡುವುದೇನು? ಸ್ವೀಡನ್ನಿನ ಹಾಕನ್ ಆಲ್‌ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಚಿಕಿತ್ಸೆಯ ಅಡಿಪಾಯವಾಗಿದೆ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮಂಡಿ ನೇರವಾಗಿಟ್ಟು 15ರಂತೆ ಮೂರು ಸುತ್ತು, ಬಾಗಿಸಿ ಮೂರು ಸುತ್ತು, ದಿನಕ್ಕೆರಡು ಬಾರಿ, 12 ವಾರ. ಅವರ ಅಧ್ಯಯನವೂ 15 ಹವ್ಯಾಸಿ ಕ್ರೀಡಾಪಟುಗಳ ಚಿಕ್ಕ ಅಧ್ಯಯನವೇ, ಆದರೆ ಆಮೇಲೆ ಭಾರದ ವ್ಯಾಯಾಮವನ್ನು ಅನೇಕರು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಬೇಸರ ಹಿಡಿಸುವ ಕೆಲಸ, ನಿಜ. ಶುರು ಮಾಡುವ ಮುನ್ನ ಮೂಳೆತಜ್ಞರಿಗೋ ಫಿಸಿಯೋಥೆರಪಿಸ್ಟ್‌ಗೋ ಕಾಲು ತೋರಿಸಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ. ಇತ್ತೀಚೆಗೆ ಹೊಟ್ಟೆನೋವಿಗೋ ಉರಿಮೂತ್ರಕ್ಕೋ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಮಾತ್ರೆ ನುಂಗಿದ್ದರೆ ಅದನ್ನು ಮರೆಯದೆ ತಿಳಿಸಿ. ಆ ಗುಂಪಿನ ಆ್ಯಂಟಿಬಯಾಟಿಕ್‌ಗಳು ಇದೇ ರಜ್ಜಿಗೆ ಹಾನಿ ಮಾಡಬಲ್ಲವು. ‘ಟಪ್’ ಎಂಬ ಸದ್ದಿನೊಂದಿಗೆ ಹಠಾತ್ತನೆ ನೋವು ಬಂದು ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಮಾತ್ರ ವ್ಯಾಯಾಮದ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ನಿಮ್ಮ ತಮ್ಮನಿಗೂ ಒಂದು ಮಾತು ತಲುಪಿಸಿ. ಚುಚ್ಚಿಕೊಂಡ ಜಾಗ ಕೆಂಪಾಗಿ ಬಿಸಿಯೇರಿದರೆ, ಚಳಿಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಲಿ, ಸಂಕೋಚವಿಲ್ಲದೆ ನಡೆದದ್ದನ್ನು ಹೇಳಲಿ, ಉಳಿದ ಸೀಸೆಯನ್ನೂ ಜೊತೆಗೆ ಒಯ್ಯಲಿ.