ನಮ್ಮ ಕಪ್ಪುಕುಳಿ ಉರಿದದ್ದು ಯಾವಾಗ? 100, 200, 300 ವರ್ಷಗಳ ಗೊಂದಲ

"200 ವರ್ಷದ ಹಿಂದೆ ಆಕಾಶಗಂಗೆಯ ನಡುವಿನ ಕಪ್ಪುಕುಳಿ ಎಚ್ಚೆತ್ತಿತ್ತು" (ಅಂದರೆ ಅದರ ಕಡೆ ಬೀಳುತ್ತಿದ್ದ ಅನಿಲ ಬಿಸಿಯಾಗಿ ಜೋರಾಗಿ ಎಕ್ಸ್-ರೇ ಸೂಸಿತ್ತು) ಅನ್ನೋ ಸುದ್ದಿ 2023ರಲ್ಲಿ ಎಲ್ಲ ಕಡೆ ಓಡಾಡಿತು. ಹಳೇ ಸುದ್ದಿ ತೆಗೆದರೆ ಒಂದರಲ್ಲಿ 100 ವರ್ಷ, ಇನ್ನೊಂದರಲ್ಲಿ 300. ಯಾವುದನ್ನ ನಂಬೋದು?

ಈ ಕುಳಿಯ ಕಥೆ ಇಷ್ಟು: 1974ರಲ್ಲಿ ರೇಡಿಯೊ ದೂರದರ್ಶಕಕ್ಕೆ ಸಿಕ್ಕ ಒಂದು ಚುಕ್ಕಿ, ಸುತ್ತಲಿನ ನಕ್ಷತ್ರಗಳ ಓಟ ಅಳೆದು ಸೂರ್ಯನ 40 ಲಕ್ಷ ಪಟ್ಟು ತೂಕ ಅನ್ನೋ ಲೆಕ್ಕ, 2020ರಲ್ಲಿ ನೊಬೆಲ್, 2022ರಲ್ಲಿ ಫೋಟೊ. ಇಷ್ಟು ಹೆಚ್ಚಿನವರಿಗೆ ಗೊತ್ತು. ತಲೆನೋವು ಬೇರೆ ಕಡೆ ಇತ್ತು. ಅಷ್ಟು ತೂಕದ ಈ ಕುಳಿ ಎಕ್ಸ್-ರೇಯಲ್ಲಿ ತೀರಾ ಮಂಕು. ಆಗಾಗ ಒಂದಷ್ಟು ಹೊತ್ತು ಮಿಂಚುತ್ತೆ, ಮತ್ತೆ ಸುಮ್ಮನಾಗುತ್ತೆ.

ಆದರೆ ಅದರಿಂದ ಕೆಲವು ನೂರು ಜ್ಯೋತಿರ್ವರ್ಷ ಆಚೆ ಇರುವ ಸ್ಯಾಜಿಟೇರಿಯಸ್ ಬಿ2 ಅನ್ನೋ ದಟ್ಟ ಅನಿಲ ಮೋಡ ಎಕ್ಸ್-ರೇಯಲ್ಲಿ ಹೊಳೆಯುತ್ತಿತ್ತು. ಮೋಡವೋ ತಣ್ಣಗಿದೆ, ಅದು ತಾನಾಗಿ ಹೀಗೆ ಹೊಳೆಯೋಕೆ ಸಾಧ್ಯವೇ ಇಲ್ಲ. 1993ರಲ್ಲಿ ಖಗೋಳ ವಿಜ್ಞಾನಿ ರಶೀದ್ ಸುನ್ಯಾಯೆವ್ ಮತ್ತು ಜೊತೆಗಾರರು, ಇದು ಕುಳಿ ಹಿಂದೆಂದೋ ಉರಿದಾಗಿನ ಬೆಳಕು ಮೋಡಕ್ಕೆ ಬಡಿದು ಈಗ ನಮ್ಮ ಕಡೆ ತಿರುಗಿ ಬರ್ತಿರೋದು ಇರಬಹುದು ಅಂದರು. ಸ್ವಲ್ಪ ದಿನಕ್ಕೆ ಜಪಾನಿನ ಆಸ್ಕಾ ಉಪಗ್ರಹಕ್ಕೆ ಅದೇ ಮೋಡದಲ್ಲಿ 6.4 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗೆರೆ (ಒಂದು ನಿಗದಿತ ಶಕ್ತಿಯಲ್ಲಿ ಮಾತ್ರ ಎದ್ದು ಕಾಣುವ ಹೊಳಪು) ಸಿಕ್ಕಿತು. ಇದು ತಣ್ಣಗಿನ ಕಬ್ಬಿಣದ ಸಹಿ. ಜೋರಾದ ಎಕ್ಸ್-ರೇ ಬಂದು ಕಬ್ಬಿಣದ ಪರಮಾಣುವಿನ ತೀರಾ ಒಳಗಿನ ಎಲೆಕ್ಟ್ರಾನನ್ನು ಹೊರಗೆ ಹಾರಿಸುತ್ತೆ. ಆ ಖಾಲಿ ಜಾಗಕ್ಕೆ ಮೇಲಿನದೊಂದು ಇಳಿಯುತ್ತೆ. ಇಳಿಯುವಾಗ ಬಿಡುವ ಶಕ್ತಿಯೇ ಆ 6.4.

ಇಲ್ಲೇ ಜಗಳ ಶುರು. ವೇಗದ ವಿಶ್ವಕಿರಣ ಕಣಗಳು ಬಡಿದರೂ ಇದೇ ಗೆರೆ ಬರುತ್ತೆ, ಕುಳಿಯನ್ನ ಯಾಕೆ ಎಳೀತೀರಿ ಅನ್ನೋ ವಾದ ವರ್ಷಗಟ್ಟಲೆ ನಡೆಯಿತು. ತಪ್ಪು ವಾದವೇನಲ್ಲ. ಆದರೆ 2000ದ ದಶಕದಲ್ಲಿ ಆ ಮೋಡ ನೋಡ್ತಾ ನೋಡ್ತಾ ಮಂಕಾಗತೊಡಗಿತು. ಹತ್ತಾರು ಜ್ಯೋತಿರ್ವರ್ಷ ಅಗಲದ ಮೋಡ ಕೆಲವೇ ವರ್ಷದಲ್ಲಿ ಆರಬೇಕಾದರೆ, ಅದರ ಮೇಲೆ ಹಾದು ಹೋಗ್ತಿರೋದು ಬೆಳಕೇ ಇರಬೇಕು. ವೇಗದ ಕಣಗಳಾದರೂ ಮೋಡದೊಳಗೆ ಅಡ್ಡಾದಿಡ್ಡಿ ತಿರುಗಿ ನಿಧಾನಕ್ಕೆ ನುಸುಳುತ್ತವೆ, ಅವುಗಳಿಂದ ಇದು ಆಗದ ಮಾತು. 2010ರಲ್ಲಿ ಕುಳಿಗೆ ಹತ್ತಿರದ ಇನ್ನೊಂದು ಮೋಡದಲ್ಲಿ ಹೊಳಪು ಬೆಳಕಿಗಿಂತ ವೇಗವಾಗಿ ಸರಿದಂತೆ ಕಂಡಿತು. ಇದರಿಂದ ಯಾವ ನಿಯಮವೂ ಮುರಿಯಲಿಲ್ಲ. ಯಾವ ವಸ್ತುವೂ ಅಲ್ಲಿ ಓಡ್ತಿಲ್ಲ, ಒಂದೇ ಬೆಳಕು ಬೇರೆ ಬೇರೆ ಜಾಗಕ್ಕೆ ತಾಗಿದ್ದು ನಮಗೆ ಹಿಂದೆ ಮುಂದೆ ಕಾಣ್ತಿದೆ. ಕೇಸು ಗೆದ್ದದ್ದು ಇಲ್ಲೇ, 2023ರಲ್ಲಲ್ಲ. ಆದರೆ ಇದು ಅಷ್ಟಾಗಿ ಸುದ್ದಿಯಾಗಲಿಲ್ಲ.

2023ರ ಸುದ್ದಿ ಕುಳಿಗೆ ಹತ್ತಿರದ ಮೋಡಗಳನ್ನ ನೋಡಿದ ನಾಸಾದ ಐಎಕ್ಸ್‌ಪಿಇ ಅನ್ನೋ ಎಕ್ಸ್-ರೇ ದೂರದರ್ಶಕದ್ದು. ಚದುರಿದ ಎಕ್ಸ್-ರೇ ಯಾವ ದಿಕ್ಕಿಗೆ ಧ್ರುವೀಕರಣ ಆಗಿದೆ (ಅದರ ಅಲೆ ಹೆಚ್ಚಾಗಿ ಯಾವ ದಿಕ್ಕಿಗೆ ಆಡುತ್ತಿದೆ) ಅಂತ ನೋಡಿದರೆ ದೀಪ ಎಲ್ಲಿತ್ತು ಅಂತ ಗೊತ್ತಾಗುತ್ತೆ. ಅದು ಬೊಟ್ಟು ಮಾಡಿದ್ದು ಕುಳಿಯ ಕಡೆಗೇ. ಸರಿ, ದಿಕ್ಕು ಸಿಕ್ಕಿತು. ತಾರೀಖು? ಅದಕ್ಕೆ ಮೋಡ ಕುಳಿಗಿಂತ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಅಂತ ಗೊತ್ತಿರಬೇಕು, ಅಳೆಯೋಕೆ ಕಷ್ಟ ಇರೋದೇ ಅದು. 100, 200, 300 ಅಂತ ಬೇರೆ ಬೇರೆ ಲೆಕ್ಕ ಬರೋದು ಅದಕ್ಕೇ. ಧ್ರುವೀಕರಣದ ಪ್ರಮಾಣದಿಂದ ಚದುರಿದ ಕೋನ ತೆಗೆದು ಸುಮಾರು 200 ಅಂದಿದ್ದಾರೆ, ಆದರೆ ಆ ಪ್ರಮಾಣದ ಅಳತೆಯೇ ಶೇ 31, ಅದೂ ಶೇ 20ರಿಂದ 42ರವರೆಗೆ ಆಚೀಚೆ ಇರಬಹುದು. ಅದೂ ಅಲ್ದೆ ಕುಳಿ ಒಂದೇ ಸಲ ಉರಿದಿದೆ ಅಂತ ಯಾಕೆ ಅಂದುಕೊಳ್ಳಬೇಕು? ಒಂದಕ್ಕಿಂತ ಜಾಸ್ತಿ ಸಲ ಅನ್ನೋಕೆ ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕದ ಮಾಹಿತಿಯಲ್ಲೇ ಸುಳಿವಿದೆ. (200 ಅಂದರೆ ನಾವು ನೋಡುವ ಲೆಕ್ಕದಲ್ಲಿ. ಬೆಳಕು ಇಲ್ಲಿಗೆ ಬರೋಕೆ ಹಿಡಿದ ಸುಮಾರು 26,000 ವರ್ಷ ಬೇರೆ.)

2023ರಲ್ಲೇ ಹಾರಿದ ಜಪಾನಿನ ಎಕ್ಸ್-ರೇ ಉಪಗ್ರಹ ಎಕ್ಸ್‌ರಿಸಂ ಆ ಕಬ್ಬಿಣದ ಗೆರೆಯನ್ನ ತುಂಬಾ ಸೂಕ್ಷ್ಮವಾಗಿ ಅಳೆಯುತ್ತೆ. ಗೆರೆ ಎಷ್ಟು ಸರಿದಿದೆ ಅಂತ ನೋಡಿ ಮೋಡದ ವೇಗ ತಿಳಿಯಬಹುದು, ರೇಡಿಯೊದಲ್ಲಿ ಕಂಡ ಯಾವ ಮೋಡ ಹೊಳೀತಿದೆ ಅಂತ ಹೊಂದಿಸಬಹುದು. ಮುಂದೆ ಹೊಸ ತಾರೀಖು ಬಂದರೆ, ಅದರ ಜೊತೆ ಮೋಡದ ದೂರ ಎಷ್ಟು ಅಂತ ಬರೆದಿದ್ದಾರಾ ಅಂತ ಮೊದಲು ನೋಡಿ.