ಓದುಗರ ಪ್ರಶ್ನೆ: ಲಾ ಕಾಲೇಜಿನ ಹುಡುಗರು ಜೈಲಿಗೆ ಹೋಗಿ ಮಾಡೋದಾದರೂ ಏನು?

ಪ್ರಶ್ನೆ: ನಾನು ಲಾ ಓದುತ್ತಿದ್ದೇನೆ. ವರ್ಷಕ್ಕೊಮ್ಮೆ ಕಾಲೇಜಿನಿಂದ ಜೈಲಿಗೆ ಕರೆದುಕೊಂಡು ಹೋಗುತ್ತಾರೆ. ಮೇಷ್ಟ್ರು ಕಾನೂನು ಅರಿವಿನ ಭಾಷಣ ಮಾಡುತ್ತಾರೆ, ಬಂದಿಗಳು ಚಪ್ಪಾಳೆ ತಟ್ಟುತ್ತಾರೆ, ನಾವು ಬ್ಯಾನರ್ ಮಡಚಿಕೊಂಡು ವಾಪಸ್ ಬರುತ್ತೇವೆ. ಇದರಿಂದ ಯಾರಿಗಾದರೂ ಉಪಯೋಗ ಇದೆಯಾ? ವಿದ್ಯಾರ್ಥಿಗಳು ನಿಜವಾಗಿ ಮಾಡಬಹುದಾದ್ದು ಏನಾದರೂ ಉಂಟಾ?

ಉತ್ತರ: ಭಾಷಣದಿಂದ ಉಪಯೋಗ ಕಡಿಮೆ. ಕೆಲಸ ಮಾತ್ರ ಬೇಕಾದಷ್ಟಿದೆ. ಅದರಲ್ಲಿ ಹೆಚ್ಚಿನದು ಓಡಾಟದ ಕೆಲಸ, ಬರೆದುಕೊಳ್ಳುವ ಕೆಲಸ, ಫೋನ್ ಮಾಡುವ ಕೆಲಸ.

ಮೊದಲು ಒಳಗೆ ಯಾರಿದ್ದಾರೆ ನೋಡೋಣ. ಪರಪ್ಪನ ಅಗ್ರಹಾರ ಅಂದರೆ ಟಿವಿಯವರಿಗೆ ನಟರು, ರಾಜಕಾರಣಿಗಳು ನೆನಪಾಗುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನೂರಕ್ಕೆ ಸುಮಾರು 76 ಜನರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಇವರಿಗೆ ಮೂಲಭೂತ ಹಕ್ಕುಗಳ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಟ್ಟರೆ ಕೇಳಿಸಿಕೊಳ್ಳುತ್ತಾರೆ, ಹೊತ್ತು ಹೋಗಬೇಕಲ್ಲ. ಅವರ ತಲೆಯಲ್ಲಿ ಓಡುತ್ತಿರುವ ಪ್ರಶ್ನೆ ಬೇರೆ: ನನ್ನ ವಕೀಲರು ಯಾರು? ಮುಂದಿನ ತಾರೀಖು ಯಾವಾಗ? ಜಾಮೀನು ಆಗಿದೆ ಅಂದರಲ್ಲ, ಮತ್ತೆ ಯಾಕೆ ಬಿಡುತ್ತಿಲ್ಲ?

ಈ ಕೊನೆಯ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲೋಣ.

ಕೋರ್ಟು ಜಾಮೀನು ಕೊಟ್ಟ ಕೂಡಲೇ ಬಾಗಿಲು ತೆರೆಯುವುದಿಲ್ಲ. ಶ್ಯೂರಿಟಿ ಬೇಕು. ನಮ್ಮ ಕಡೆ ಶ್ಯೂರಿಟಿ ಅಂದರೆ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬರುವ ಮನುಷ್ಯ. ಜಾಮೀನು ಬೇಕಿದ್ದರೆ ಯಾರದ್ದಾದರೂ ಜಮೀನು ಬೇಕು! 1978ರ ಮೋತಿರಾಮ್ ಪ್ರಕರಣ ನಿಮ್ಮ ಪಠ್ಯದಲ್ಲೂ ಇರುತ್ತದೆ. ಮಧ್ಯಪ್ರದೇಶದ ಬಡ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಮುಂದೆ ಬಂದ. ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ಈ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಮಲಯಾಳಿಯೋ ಕನ್ನಡಿಗನೋ ತಮಿಳನೋ ದೂರದ ಬಸ್ತರ್‌ನಲ್ಲಿ ಇಲ್ಲವೇ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ, ಅಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಎಂಬ ಅರ್ಥದ ಮಾತನ್ನು ಅದರಲ್ಲಿ ಕೇಳಿದ್ದಾರೆ. ಹೌದು, ಕನ್ನಡಿಗ ಎಂಬ ಪದವೇ ಅಲ್ಲಿದೆ. ಈಗ ಅದನ್ನು ತಿರುಗಿಸಿ ನೋಡಿ. ಒಡಿಶಾದಿಂದಲೋ ಅಸ್ಸಾಮಿನಿಂದಲೋ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದ ಹುಡುಗನಿಗೆ ಆನೇಕಲ್ ಪಹಣಿ ಯಾರು ಕೊಡುತ್ತಾರೆ?

2023ರ ಜನವರಿ 31ರಂದು ಸುಪ್ರೀಂ ಕೋರ್ಟು ಇದಕ್ಕೆ ಒಂದಿಷ್ಟು ದಾರಿ ಹೇಳಿತು. ಜಾಮೀನು ಆದೇಶದ ಪ್ರತಿ ಅವತ್ತೇ ಅಥವಾ ಮರುದಿನ ಇ-ಮೇಲ್‌ನಲ್ಲಿ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಉಚಿತ ಕಾನೂನು ನೆರವು ಕೊಡಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದಾ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕು ಎಂಬ ಹಟ ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆಂದು ಯೋಜನೆ ತಂತು. ಜಾಮೀನಿನ ಹಣ ಹೊಂದಿಸಲಾಗದ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಸಜಾ ಕೈದಿಗೆ 25,000 ರೂಪಾಯಿವರೆಗೆ ನೆರವು ಸಿಗಬಹುದು ಎಂದು ಆಗ ಹೇಳಲಾಗಿತ್ತು.

ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಆದರೆ ಈ ಹುಡುಗನಿಗೆ ಜಾಮೀನು ಆಗಿ 40 ದಿನ ಕಳೆದಿದೆ, ಇವನ ಮನೆಗೆ ಸುದ್ದಿಯೇ ಹೋಗಿಲ್ಲ ಅಂತ ಗುರುತಿಸಿ ಹೇಳುವ ಒಬ್ಬ ಮನುಷ್ಯ ಬೇಕು. ಕಾಲೇಜಿನವರ ಜಾಗ ಇದೇ.

ಈ ಜಾಗ ಕಾನೂನಿನಲ್ಲೂ ಇದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು. ಅದರ 12ನೇ ಕಲಂ ಪ್ರಕಾರ ಬಂಧನದಲ್ಲಿ ಇರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು, ಆದಾಯದ ಲೆಕ್ಕ ಇಲ್ಲ. 4ನೇ ಕಲಂ ವಿಶ್ವವಿದ್ಯಾಲಯ, ಲಾ ಕಾಲೇಜುಗಳಲ್ಲಿ ಕಾನೂನು ಸೇವಾ ಕ್ಲಿನಿಕ್, ಅಂದರೆ ಜನರಿಗೆ ಕಾನೂನು ನೆರವು ಕೊಡುವ ಕೇಂದ್ರ, ಬೆಳೆಸುವ ಹೊಣೆಯನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ಕೊಟ್ಟಿದೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳೂ ಪ್ರತಿ ಕಾಲೇಜಿನಲ್ಲಿ ಕಾನೂನು ನೆರವಿನ ಕ್ಲಿನಿಕ್ ಇರಬೇಕು ಎನ್ನುತ್ತವೆ. ನಿಮ್ಮಲ್ಲೂ ಬೋರ್ಡು ಇರುತ್ತದೆ. ಅದರ ಹಿಂದಿನ ಬೀಗ ಕೊನೆಯ ಸಲ ಯಾವಾಗ ತೆಗೆದರು ಅಂತ ಕೇಳಿ ನೋಡಿ.

ಹಾಗಾದರೆ ಒಳಗೆ ಕೂತು ಮಾಡೋದೇನು? ಒಂದು ನೋಟ್‌ಬುಕ್ ಸಾಕು. ಹೆಸರು, ಕ್ರೈಂ ನಂಬರ್, ಕಲಂ, ಕೋರ್ಟು, ಬಂಧನದ ತಾರೀಖು, ವಕೀಲರ ಹೆಸರು, ಮನೆಯ ಫೋನ್ ನಂಬರ್. ಈ ಏಳು ಸಂಗತಿ ಸರಿಯಾಗಿ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ತನ್ನ ಮೇಲೆ ಯಾವ ಕಲಂ ಬಿದ್ದಿದೆ ಅಂತ ಗೊತ್ತಿಲ್ಲದವರು ಸಿಗುತ್ತಾರೆ.

ಆಮೇಲೆ ಲೆಕ್ಕ ಹಾಕಿ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೆ ಕಳೆದರೆ ಜಾಮೀನು. ಹಿಂದೆ ಯಾವತ್ತೂ ಶಿಕ್ಷೆ ಆಗದವರಿಗೆ ಮೂರನೇ ಒಂದು ಭಾಗ ಸಾಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ ಅಂದುಕೊಳ್ಳಿ. ಮೊದಲ ಸಲದವನು ಒಂದು ವರ್ಷ ಮುಗಿಸಿದ್ದರೆ ಅವನ ಪರವಾಗಿ ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಹಳೆಯ ಪ್ರಕರಣಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಹೇಳಿದೆ. ಆದರೆ ಹುಷಾರು: ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಇಲ್ಲ. ಒಬ್ಬನ ಮೇಲೆ ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೂ ಈ ಕಲಂ ಕೈಕೊಡುತ್ತದೆ. ಅದಕ್ಕೇ ಲೆಕ್ಕ ಮುಗಿದ ಮೇಲೆ ಪಟ್ಟಿಯನ್ನು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ಕೊಡಿ. ಕೋರ್ಟಿನಲ್ಲಿ ನಿಲ್ಲುವುದು ವಕೀಲರು, ನೀವಲ್ಲ.

ಕಾಲೇಜಿನವರ ಮಾತಿಗೆ ಎಷ್ಟು ತೂಕ ಅಂತ ಅನುಮಾನ ಇದ್ದರೆ 1983ರ ಶೀಲಾ ಬಾರ್ಸೆ ಪ್ರಕರಣ ಓದಿ. ಬಾಂಬೆಯ ಲಾಕಪ್ಪಿನಲ್ಲಿ ಹೆಂಗಸರಿಗೆ ಹೊಡೆಯುತ್ತಾರೆ ಎಂದು ಆ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಒಳಗೆ ಹೋಗಿ ಹೆಂಗಸರನ್ನು ಮಾತಾಡಿಸಿ ವರದಿ ಕೊಡಿ ಎಂದು ಕೋರ್ಟು ಕೇಳಿದ್ದು ಅಲ್ಲಿನ ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿಯನ್ನು. ಅದೇ ಊರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1990ರಲ್ಲಿ 'ಪ್ರಯಾಸ್' ಶುರು ಮಾಡಿತು. ಅದರ ಸಮಾಜ ಕಾರ್ಯಕರ್ತರು ಜೈಲಿನಲ್ಲಿ ಬಂದಿಯನ್ನು ಮಾತಾಡಿಸಿ, ಮನೆಯವರನ್ನು ಹುಡುಕಿ, ವಕೀಲರಿಗೆ ಜೋಡಿಸುತ್ತಾರೆ. ಬಿಡುಗಡೆಯಾದವರಿಗೆ ಕೆಲಸ ಕಲಿಯಲು ನೆರವಾಗುತ್ತಾರೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ತಂಡವೊಂದು ಮರಣದಂಡನೆಗೆ ಗುರಿಯಾದ 373 ಜನರನ್ನು, ಅವರ ಮನೆಯವರನ್ನು ಕಂಡು 2016ರಲ್ಲಿ ವರದಿ ತಂತು. ಅವರಲ್ಲಿ ನೂರಕ್ಕೆ 74 ಜನ ಬಡವರು. ಆ ಮಾತುಕತೆಗಳಲ್ಲಿ ವಿದ್ಯಾರ್ಥಿಗಳೂ ಇದ್ದರು.

ನೀವು ಲಾ ಓದುತ್ತಿಲ್ಲದಿದ್ದರೂ ದಾರಿ ಉಂಟು. ಒಡಿಯಾ, ಬಂಗಾಳಿ ಬರುವ ಹಾಸ್ಟೆಲ್ ಗೆಳೆಯರಿದ್ದರೆ ಜೊತೆಗೆ ಸೇರಿಸಿಕೊಳ್ಳಿ. ನಾಲ್ಕು ಕಲಂ ಬಾಯಿಪಾಠ ಬರುವವರಿಗಿಂತ ಅವರಿಂದ ಆಗುವ ಉಪಕಾರ ದೊಡ್ಡದು. ನಾಟಕ ಮಾಡಿಸುವವರೂ ಇದ್ದಾರೆ. ಹುಲುಗಪ್ಪ ಕಟ್ಟೀಮನಿ ಅವರು ನಮ್ಮ ಜೈಲುಗಳ ಬಂದಿಗಳನ್ನೇ ನಟರನ್ನಾಗಿ ಮಾಡಿ ಹೊರಗಿನ ರಂಗಮಂದಿರಗಳಿಗೆ ಕರೆತಂದದ್ದು ರಂಗಭೂಮಿಯವರಿಗೆ ಗೊತ್ತೇ ಇದೆ.

ಒಂದೆರಡು ಕಡ್ಡಾಯದ ಮಾತು. 'ಏನು ಮಾಡಿ ಬಂದೆ?' ಅಂತ ಕೇಳಬೇಡಿ. ಅದು ನಿಮಗೆ ಬೇಕಿಲ್ಲ. ನೀವು ಬರೆದುಕೊಂಡದ್ದು ನಾಳೆ ಅವನಿಗೇ ತೊಂದರೆ ತರಬಹುದು. 'ಬಿಡಿಸ್ತೀವಿ' ಅನ್ನುವ ಭರವಸೆಯಂತೂ ಬೇಡವೇ ಬೇಡ. ಫೋಟೋ ಬೇಡ. ಅವರ ಕಥೆ ನಿಮ್ಮ ಪ್ರಾಜೆಕ್ಟಿಗೆ ಬೇಕಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಶುರು ಮಾಡುವುದು ಹೀಗೆ: ಪ್ರಿನ್ಸಿಪಾಲರ ಸಹಿ ಇರುವ ಒಂದು ಪತ್ರ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ. ನೇರವಾಗಿ ಜೈಲಿನ ಗೇಟಿಗೆ ಹೋದರೆ ಸುಮ್ನೆ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ನಲವತ್ತು ಜನ ಒಂದು ದಿನ ಹೋಗುವ ಬದಲು ನಾಲ್ಕೇ ಜನ ವಾರವಾರವೂ ಹೋಗಿ. ಪರೀಕ್ಷೆ ಬಂದಾಗ ಏನು ಮಾಡುವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಬಹಳ ಕ್ಲಿನಿಕ್‌ಗಳು ನಿಂತುಹೋಗುವುದು ಅಲ್ಲೇ. ಮೇ ತಿಂಗಳಲ್ಲಿ ಆ ನೋಟ್‌ಬುಕ್ ಯಾರ ಕೈಯಲ್ಲಿ ಇರುತ್ತದೆ ಅನ್ನುವುದನ್ನು ಪತ್ರದಲ್ಲೇ ಬರೆದುಬಿಡಿ.