ಪಕ್ಕದ ಸೀಟು ಖಾಲಿಯಾದ ಮೇಲೆ

ಲೈಸೆನ್ಸ್ ಕೈಗೆ ಬಂದ ಕೆಲವೇ ದಿನಗಳಲ್ಲಿ ನಮ್ಮ ಡ್ರೈವಿಂಗ್ ಶಾಲೆಯ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. “ಸರ್, ನೀವು ಬಾಜೂಕ ಕುಂತಾಗ ಛಲೋನ ಹೊಡೀತಿದ್ನಿರಿ, ಈಗ ಒಬ್ಬಾಕಿನ ಕುಂತ್ರ ಕೈ ನಡಗ್ತಾವ. ಯಾಕ್ರಿ?” ಎಂದು ಮೊನ್ನೆ ಹುಬ್ಬಳ್ಳಿಯ ವಿದ್ಯಾನಗರದ ಒಬ್ಬ ತಾಯಿ ಕೇಳಿದರು. ಅವರ ಕೈಯಲ್ಲಾಗಲಿ ಕಾಲಿನಲ್ಲಾಗಲಿ ಯಾವ ಕೊರತೆಯೂ ಇಲ್ಲ. ತರಬೇತಿ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಎದುರಿನ ಆಟೋ ನಿಲ್ಲಲಿದೆ ಎಂಬುದು ಕಲಿಯುವವರಿಗೆ ತಿಳಿಯುವ ಮೊದಲೇ ಕಲಿಸುವವರ ಕಾಲು ಬ್ರೇಕಿನ ಮೇಲೆ ಹೋಗಿರುತ್ತದೆ, ಮತ್ತು ಅದು ಹೋದದ್ದು ಎಷ್ಟೋ ಸಲ ಕಲಿಯುವವರ ಗಮನಕ್ಕೆ ಬಂದಿರುವುದೇ ಇಲ್ಲ. ಒಂಟಿಯಾಗಿ ಹೊರಟ ದಿನ ಇಲ್ಲವಾಗುವುದು ಆ ಕಾಲಿಗಿಂತ ಹೆಚ್ಚಾಗಿ ಆ ಕಣ್ಣು. ಆದ್ದರಿಂದ ಮೊದಲ ಕೆಲವು ತಿಂಗಳು ಹೊಸ ಚಾಲಕರು ಕಲಿಯಬೇಕಾದದ್ದು, ಮುಂದೆ ಏನಾಗಲಿದೆ ಎಂಬುದನ್ನು ಬೇಗ ನೋಡಿ ಬೇಗ ನಿರ್ಧರಿಸುವುದನ್ನು.

ಪರೀಕ್ಷೆ ಇದನ್ನು ಅಳೆಯುವುದಿಲ್ಲ. ಕಲಿಕಾ ಲೈಸೆನ್ಸ್ ಪಡೆದು 30 ದಿನ ಕಳೆದ ಮೇಲೆ ನಡೆಯುವ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸುವುದು, ಹಿಂದಕ್ಕೆ ತೆಗೆಯುವುದು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು ಮುಂತಾದವನ್ನು ನೋಡುತ್ತಾರೆ. ಅವೆಲ್ಲ ಗಾಡಿಯ ಮೇಲಿನ ಹಿಡಿತಕ್ಕೆ ಸಂಬಂಧಿಸಿದವು, ಅವು ಬೇಕೇ ಬೇಕು. ಆದರೆ ಆ ಟ್ರ್ಯಾಕಿನಲ್ಲಿ ಎದುರಿನಿಂದ ಟಂಟಂ ಬರುವುದಿಲ್ಲ, ಎಮ್ಮೆಗಳು ಅಡ್ಡ ಬರುವುದಿಲ್ಲ.

ಹೊರಡುವ ಮೊದಲು ಸೀಟನ್ನು ಸರಿಪಡಿಸಿಕೊಳ್ಳಿ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಮನೆಯ ಕಾರನ್ನು ಹಲವರು ಓಡಿಸುತ್ತಿದ್ದರೆ ಕನ್ನಡಿಗಳು ನಿಮ್ಮ ಎತ್ತರಕ್ಕೆ ಹೊಂದಿರುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೊಂದಿಸಿಕೊಳ್ಳಿ. ಪಕ್ಕದ ಕನ್ನಡಿಯಲ್ಲಿ ನಿಮ್ಮ ಕಾರಿನ ಮೈ ಅಂಚಿನಷ್ಟೇ ಕಂಡರೆ ಸಾಕು, ಉಳಿದ ಜಾಗವೆಲ್ಲ ರಸ್ತೆಗೇ ಮೀಸಲಿರಲಿ. ಹಾಗೆ ಹೊಂದಿಸಿದ ಮೇಲೂ ಹಿಂಬದಿಯ ಬಾಗಿಲಿನ ಪಕ್ಕಕ್ಕೆ ಬಂದ ಸ್ಕೂಟರ್ ಯಾವ ಕನ್ನಡಿಯಲ್ಲಿಯೂ ಕಾಣದೆ ಹೋಗಬಹುದು. ಹೀಗಾಗಿ ಲೇನ್ ಬದಲಿಸುವ ಮುನ್ನ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಭುಜದ ಮೇಲಿಂದ ಒಮ್ಮೆ ಕತ್ತು ತಿರುಗಿಸಿ ನೋಡುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು.

ಮೊದಲ ಒಂಟಿ ಪ್ರಯಾಣಕ್ಕೆ ಭಾನುವಾರದ ಮುಂಜಾನೆ ಒಳ್ಳೆಯ ಹೊತ್ತು. ನವನಗರದ ಒಳರಸ್ತೆಗಳಲ್ಲಿ ಸುತ್ತಿ, ಧೈರ್ಯ ಬಂದ ಮೇಲೆ ಉಣಕಲ್ಲಿನವರೆಗೆ ಮುಖ್ಯ ರಸ್ತೆಗೆ ಬನ್ನಿ. ದುರ್ಗದಬೈಲ್ ಮತ್ತು ಧಾರವಾಡದ ಮಾರ್ಕೆಟ್ ಕಡೆಯ ಓಣಿಗಳನ್ನು ಸದ್ಯಕ್ಕೆ ಬಿಡಿ. ಹುಬ್ಬಳ್ಳಿ-ಧಾರವಾಡ ನಡುವಿನ ಮುಖ್ಯ ರಸ್ತೆಯ ನಡುಭಾಗ ‘ಚಿಗರಿ’ ಎಂಬ ಬಿಆರ್‌ಟಿಎಸ್ (ತ್ವರಿತ ಸಾರಿಗೆ) ಬಸ್ಸುಗಳಿಗೆ ಮೀಸಲು ಎಂಬುದು ಎಲ್ಲರಿಗೂ ಗೊತ್ತು, ಆ ಲೇನಿಗೆ ಇಳಿಯಬಾರದೆಂಬುದೂ ಗೊತ್ತು. ಹೊಸಬರು ಗಮನಿಸಬೇಕಾದದ್ದು ಇನ್ನೊಂದಿದೆ. ಬಸ್ ನಿಲ್ದಾಣಗಳು ರಸ್ತೆಯ ಮಧ್ಯದಲ್ಲಿರುವುದರಿಂದ ಹತ್ತುವವರೂ ಇಳಿಯುವವರೂ ನಮ್ಮ ಲೇನುಗಳನ್ನು ದಾಟಿಯೇ ಹೋಗಬೇಕು. ನಿಲ್ದಾಣದಲ್ಲಿ ಬಸ್ ನಿಂತದ್ದು ಕಂಡರೆ, ಅದನ್ನು ಹಿಡಿಯಲು ಎಡಬದಿಯಿಂದ ಯಾರೋ ಓಡಿ ಬರುತ್ತಾರೆಂದೇ ತಿಳಿದು ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು ಬ್ರೇಕಿನ ಮೇಲೆ ತರಬೇಕು. ಬೇಗ ನೋಡುವುದು ಎಂದು ನಾನು ಹೇಳಿದ್ದು ಇದನ್ನೇ. ಓಡಿ ಬರುವ ಹುಡುಗ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ, ನಿಂತ ಬಸ್ಸು ಮಾತ್ರ ಬಿದ್ದಿರುತ್ತದೆ.

ಸಿಗ್ನಲ್ಲಿನಲ್ಲಿ ಎಂಜಿನ್ ಬಂದ್ ಆಗುವುದು ಹೊಸಬರ ದೊಡ್ಡ ಭಯ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಬ್ರೇಕ್ ಒತ್ತಿ ಹಿಡಿದು, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ನಿಧಾನವಾಗಿ ಮತ್ತೆ ಶುರು ಮಾಡಿ. ಧಾರವಾಡದ ಏರುಗಳಲ್ಲಿ ಗಾಡಿ ಹಿಂದಕ್ಕೆ ಜಾರುವ ಹೆದರಿಕೆಗೂ ಹ್ಯಾಂಡ್ ಬ್ರೇಕೇ ಉತ್ತರ. ಅದನ್ನು ಎಳೆದಿಟ್ಟು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದರೆ ಎಂಜಿನ್ನಿನ ದನಿ ಭಾರವಾಗುವ, ಬಾನೆಟ್ಟು ತುಸು ಮೇಲೇಳುವ ಒಂದು ಹಂತ ಬರುತ್ತದೆ. ಅಲ್ಲಿ ಕಾಲನ್ನು ತಡೆದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಿದರೆ ಗಾಡಿ ಹಿಂದೆ ಸರಿಯುವುದಿಲ್ಲ. ಹೊರಟ ಮೇಲೆ ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸಬೇಡಿ, ಪ್ಲೇಟು ಬೇಗ ಸವೆಯುತ್ತದೆ.

ನಗರದೊಳಗೆ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಬಂಪರಿನ ಗೀರುಗಳಲ್ಲಿ ಮುಗಿಯುತ್ತವೆ, ಊರ ಹೊರಗಿನವು ಹಾಗೆ ಮುಗಿಯುವುದಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ವರ್ಷಗಟ್ಟಲೆ ಎರಡೇ ಲೇನಿನದಾಗಿದ್ದಾಗ ಎದುರಾಬದುರಾ ಡಿಕ್ಕಿಗಳಲ್ಲಿ ಎಷ್ಟು ಮನೆಗಳು ಕತ್ತಲಾದವು ಎಂಬುದನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. ಅದನ್ನು ಆರು ಪಥಕ್ಕೆ ಅಗಲಗೊಳಿಸುವ ಕೆಲಸ ಕೈಗೊಂಡದ್ದು ಆ ನೋವಿನಿಂದಲೇ. ಆದರೆ ನಮ್ಮ ತಾಲ್ಲೂಕುಗಳ ನಡುವೆ ವಿಭಜಕವಿಲ್ಲದ ರಸ್ತೆಗಳು ಇಂದಿಗೂ ಬಹಳ ಇವೆ. ಅಲ್ಲಿ ಮುಂದಿನ ಗಾಡಿಯನ್ನು ದಾಟಿ ಹೋಗುವ ನಿರ್ಧಾರವೇ ಹೊಸ ಚಾಲಕರು ತೆಗೆದುಕೊಳ್ಳುವ ಅತಿ ಅಪಾಯದ ನಿರ್ಧಾರ.

ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿಮ್ಮ ಮುಂದೆ ಹೋಗುತ್ತಿದೆ ಎಂದುಕೊಳ್ಳಿ. ನೀವು 50ರಲ್ಲಿ ಅದನ್ನು ದಾಟುತ್ತೀರಿ. ಅದರ ಉದ್ದ ಸುಮಾರು 15 ಮೀಟರ್. ಹಿಂದೆ 15 ಮೀಟರ್ ಬಿಟ್ಟು ಬಲಕ್ಕೆ ಹೊರಬಂದು, ಮುಂದೆ 15 ಮೀಟರ್ ಬಿಟ್ಟು ಎಡಕ್ಕೆ ಸೇರಿಕೊಳ್ಳಬೇಕೆಂದರೆ ಟ್ರ್ಯಾಕ್ಟರಿಗಿಂತ 45 ಮೀಟರ್ ಹೆಚ್ಚು ದೂರ ಕ್ರಮಿಸಬೇಕು, ಅದಕ್ಕೆ ಆರೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ನೀವು 90 ಮೀಟರ್ ಮುಂದೆ ಹೋಗಿರುತ್ತೀರಿ, ಎದುರಿನಿಂದ 80ರಲ್ಲಿ ಬರುವ ಕಾರು 145 ಮೀಟರಿನಷ್ಟು ಹತ್ತಿರ ಬಂದಿರುತ್ತದೆ. ಎರಡೂ ಸೇರಿ 235 ಮೀಟರ್ ಆಯಿತು, ಮತ್ತು ಇದರಲ್ಲಿ ಹಿಂಜರಿಕೆಗೆ, ತಡವಾಗಿ ಗೇರ್ ಬದಲಿಸುವುದಕ್ಕೆ ಒಂದು ಮೀಟರೂ ಉಳಿದಿಲ್ಲ. ಹಾಗಾಗಿ 300 ಮೀಟರಿಗಿಂತ ಹೆಚ್ಚು ರಸ್ತೆ ಖಾಲಿ ಕಾಣದಿದ್ದರೆ ಹೊರಬರಬೇಡಿ ಎನ್ನುತ್ತೇನೆ. ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ, ಸೇತುವೆಯ ಮೇಲೆ ಅಷ್ಟು ದೂರ ಕಾಣುವುದಿಲ್ಲವಾದ್ದರಿಂದ ಅಲ್ಲಿ ಯೋಚನೆಯನ್ನೇ ಮಾಡಬಾರದು. ಮುಂದಿನ ಲಾರಿಯವನು ಬಲಗಡೆಯ ಇಂಡಿಕೇಟರ್ ಹಾಕಿದರೆ ಕೆಲವೊಮ್ಮೆ ‘ಬರ್ರಿ’ ಎಂದೂ, ಕೆಲವೊಮ್ಮೆ ‘ನಾನೇ ಬಲಕ್ಕೆ ತಿರುಗುತ್ತೇನೆ’ ಎಂದೂ ಅರ್ಥ. ಅವನ ಸನ್ನೆಯನ್ನು ನಂಬಿ ದಾಟಬೇಡಿ, ನಿಮ್ಮ ಕಣ್ಣಿಗೆ ರಸ್ತೆ ಕಂಡರಷ್ಟೇ ದಾಟಿ.

ಮುಂದಿನ ಗಾಡಿಯಿಂದ ದೂರ ಕಾಯ್ದುಕೊಳ್ಳುವುದಕ್ಕೂ ಲೆಕ್ಕವಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ, ಕಣ್ಣು ಕಂಡದ್ದಕ್ಕೆ ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಅಷ್ಟು ದೂರ ಕಳೆದೇ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಮುಂದಿನ ವಾಹನ ಒಂದು ಕಿಲೋಮೀಟರ್ ಕಲ್ಲನ್ನೋ ಕಂಬವನ್ನೋ ದಾಟಿದ ಮೇಲೆ ನೀವು ಅದೇ ಜಾಗ ತಲುಪಲು ಕನಿಷ್ಠ ಮೂರು ಸೆಕೆಂಡು ಹಿಡಿಯಬೇಕು, ಮಳೆಯಲ್ಲಿ ಅದರ ಎರಡರಷ್ಟು.

ಮಳೆಗಾಲದಲ್ಲಿ ನಮ್ಮ ಎರೆ ಭೂಮಿಯ ರಸ್ತೆಗಳ ಬಗ್ಗೆ ಬೇರೆ ಊರಿನ ಪುಸ್ತಕಗಳು ಹೇಳುವುದಿಲ್ಲ. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಕಪ್ಪು ಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸಿ ಹೋಗುತ್ತವೆ. ಅದರ ಮೇಲೆ ಒಂದು ಸಣ್ಣ ಮಳೆ ಬಿದ್ದರೆ ಸಾಕು, ಅಲ್ಲಿ ಬ್ರೇಕ್ ಹಾಕಿದ ಗಾಡಿ ನಿಲ್ಲದೆ ಜಾರುತ್ತದೆ. ಹೊಲದ ದಾರಿ ರಸ್ತೆಗೆ ಕೂಡುವ ಕಡೆ ಡಾಂಬರ್ ಕಪ್ಪಾಗಿ ಕಂಡರೆ ಅದಕ್ಕೂ ಮೊದಲೇ ವೇಗ ಇಳಿಸಿ, ಅದರ ಮೇಲೆ ಸ್ಟೀರಿಂಗನ್ನು ಜಗ್ಗದೆ ನೇರವಾಗಿ ದಾಟಿ. ಎದುರಿನವರಿಗೆ ದಾರಿ ಬಿಡಲು ಹಸಿ ಎರೆಯ ಅಂಚಿಗೆ ಗಾಲಿ ಇಳಿಸಿದರೆ ಅಲ್ಲಿಯೇ ಹೂತುಹೋಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿ ಸುತ್ತ ಕಲ್ಲು ಜೋಡಿಸಿರುತ್ತಾರೆ, ರಾಶಿ ಎತ್ತಿದ ಮೇಲೂ ಕಲ್ಲುಗಳು ಎಷ್ಟೋ ಸಲ ಅಲ್ಲಿಯೇ ಉಳಿದಿರುತ್ತವೆ.

ರಾತ್ರಿ ಪ್ರಯಾಣವನ್ನು ಮೊದಲ ತಿಂಗಳುಗಳಲ್ಲಿ ಮುಂದೂಡಿ. ಅನಿವಾರ್ಯವಾದರೆ ಎದುರಿನ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ಹಿಡಿದು ಹೋಗಿ. ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಕಬ್ಬಿನ ಟ್ರೇಲರ್ ಆ ಕತ್ತಲಲ್ಲಿ ನಿಂತಿರಬಹುದು.

ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣಾ ಪ್ರಮಾಣಪತ್ರಗಳು ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ. ಅಪಘಾತವಾದರೆ ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕರ ಕಾನೂನುಬದ್ಧ ಕರ್ತವ್ಯ. 108ಕ್ಕೆ ಕರೆ ಮಾಡಿ, ಜಾಗ ಬಿಟ್ಟು ಓಡಬೇಡಿ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಮಗಳೋ ಸೊಸೆಯೋ ಕಾರು ತೆಗೆದಾಗ ಪಕ್ಕದಲ್ಲಿ ಕುಳಿತ ಹಿರಿಯರು “ಹಿಡಿ, ಹಿಡಿ, ಬ್ರೇಕ್ ಹಿಡಿ” ಎಂದು ಕೂಗುವುದನ್ನು ನಾನು ಬಹಳ ನೋಡಿದ್ದೇನೆ. ಆ ಕೂಗಿಗೆ ಹೊಸ ಚಾಲಕರು ರಸ್ತೆ ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ಹೇಳುವುದಿದ್ದರೆ ಮೊದಲೇ, ಮೆಲುದನಿಯಲ್ಲಿ, “ಮುಂದ ಸಾಲಿ ಐತವ್ವ, ಹುಡುಗ್ರು ಬಿಟ್ಟಿರಬಹುದು” ಎಂದು ಕಂಡದ್ದನ್ನಷ್ಟೇ ಹೇಳಿ. ಏನು ಮಾಡಬೇಕೆಂಬುದನ್ನು ಸ್ಟೀರಿಂಗ್ ಹಿಡಿದವರೇ ನಿರ್ಧರಿಸಲಿ. ತಪ್ಪಾದದ್ದನ್ನು ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಮಾತನಾಡಬಹುದು.